ಕುಂಡದ ಮಣ್ಣು ನೀರಿನ ಮಾತು ಕೇಳುತ್ತದೆ

(ಬೆಂಗಳೂರಿನ ನಮ್ಮ ಬಡಾವಣೆಯ ತಾರಸಿ ತೋಟದ ಗೆಳೆಯರ ಮುಂದೆ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಒಂದು ಗಾಜಿನ ಲೋಟ ಇದೆ. ಅದರಲ್ಲಿ ನೀರು, ನೀರಿಗೆ ಒಂದು ಚಿಟಿಕೆ ಅರಿಶಿನ. ಈಗ ಎಲೆ ಅಡಿಕೆಗೆ ಹಚ್ಚುವ ಸುಣ್ಣವನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ಇದಕ್ಕೆ ಹಾಕಿ ಕದಡುತ್ತೇನೆ. ನೋಡಿ, ನೀರು ಕೆಂಪಾಯಿತು. ಇದು ನಿಮಗೆಲ್ಲ ಗೊತ್ತಿರುವ ಆರತಿ ನೀರು. ಮದುಮಕ್ಕಳು ಹೊಸಿಲಿಗೆ ಬಂದಾಗ, ಬಾಣಂತಿ ಮಗುವನ್ನೆತ್ತಿಕೊಂಡು ಮನೆಗೆ ಬಂದಾಗ ಮಾಡುತ್ತೇವಲ್ಲ, ಅದೇ. ಈಗ ಇದಕ್ಕೆ ಒಂದು ನಿಂಬೆಹಣ್ಣು ಹಿಂಡುತ್ತೇನೆ. ಮತ್ತೆ ಹಳದಿ.

ಪಿಎಚ್ ಅಂದರೆ ಇಷ್ಟೇ. ಸುಣ್ಣದ ಕಡೆಗೆ ಎಷ್ಟು, ಹುಳಿಯ ಕಡೆಗೆ ಎಷ್ಟು ಅಂತ ಹೇಳುವ ಅಳತೆ. ನಮ್ಮ ಅಜ್ಜಿಯರು ಬಣ್ಣ ನೋಡಿ ಹೇಳುತ್ತಿದ್ದುದಕ್ಕೆ ಡೆನ್ಮಾರ್ಕಿನ ಸೋರೆನ್ಸನ್ ಎಂಬ ವಿಜ್ಞಾನಿ 1909ರಲ್ಲಿ ಅಂಕಿ ಕೊಟ್ಟರು. ಅವರು ಕೆಲಸ ಮಾಡುತ್ತಿದ್ದುದು ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ, ಅಂದರೆ ಬಿಯರ್ ಮಾಡುವವರು ಕಟ್ಟಿದ ಪ್ರಯೋಗಾಲಯದಲ್ಲಿ. ಹುದುಗುವ ಪದಾರ್ಥದ ಹುಳಿ ಎಷ್ಟಿದೆ ಅಂತ ಅವರಿಗೆ ತಿಳಿಯಲೇಬೇಕಿತ್ತು. ದೋಸೆ ಹಿಟ್ಟು ರುಬ್ಬಿಡುವ ನಮಗೆ ಆ ಕಷ್ಟ ಅರ್ಥವಾಗುತ್ತದೆ.

7 ಅಂದರೆ ಮಧ್ಯ. ಅದಕ್ಕಿಂತ ಕಡಿಮೆಯಾದರೆ ಹುಳಿ, ಅಂದರೆ ಆಮ್ಲ. ಜಾಸ್ತಿಯಾದರೆ ಸುಣ್ಣದ ಗುಣ, ಅಂದರೆ ಕ್ಷಾರ. ಒಂದು ವಿಷಯ ಮಾತ್ರ ಗಟ್ಟಿಯಾಗಿ ನೆನಪಿಡಿ. ಈ ಅಳತೆಯಲ್ಲಿ ಒಂದು ಹೆಜ್ಜೆ ಅಂದರೆ ಹತ್ತು ಪಟ್ಟು. 6ಕ್ಕೂ 8ಕ್ಕೂ ಎರಡೇ ಅಂಕಿಯ ವ್ಯತ್ಯಾಸ ಅಂತ ಅನಿಸುತ್ತದೆ. ಗಿಡದ ಬೇರಿಗೆ ಅದು ನೂರು ಪಟ್ಟು.

ನಾನು ಈ ವಿಷಯದ ಹಿಂದೆ ಬಿದ್ದದ್ದು ಒಂದು ಕೇಪಳದ, ಅಂದರೆ ಇಕ್ಸೋರಾ ಹೂವಿನ ಗಿಡದಿಂದ. ಅಮ್ಮನ ಊರು ಉಡುಪಿ ಹತ್ತಿರ. ಅಲ್ಲಿ ಹಿತ್ತಿಲ ಬೇಲಿಯ ಉದ್ದಕ್ಕೂ ಕೆಂಪು ಕೇಪಳ. ಯಾರೂ ಗೊಬ್ಬರ ಹಾಕಿದವರಲ್ಲ, ನೀರು ಹಾಕಿದವರಲ್ಲ. ಮುರಕಲ್ಲಿನ ನೆಲ, ಮಳೆಗಾಲದಲ್ಲಿ ಧೋ ಅಂತ ಮಳೆ. ಎಲೆಗಳು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಅಲ್ಲಿಂದ ಒಂದು ಗಿಡ ತಂದು ಇಲ್ಲಿ ಹನ್ನೆರಡು ಇಂಚಿನ ಕುಂಡದಲ್ಲಿ ನೆಟ್ಟೆ. ಮೊದಲ ನಾಲ್ಕು ತಿಂಗಳು ಚೆನ್ನಾಗಿತ್ತು. ಆಮೇಲೆ ತುದಿಯ ಎಲೆಗಳು ಬಣ್ಣ ಕಳೆದುಕೊಳ್ಳತೊಡಗಿದವು. ಹಸಿರು, ತಿಳಿ ಹಸಿರು, ಹಳದಿ, ಕೊನೆಗೆ ಹೆಚ್ಚುಕಡಿಮೆ ಬಿಳಿ.

ಆ ಎಲೆಯ ಫೋಟೋ ದೊಡ್ಡದು ಮಾಡಿ ತಂದಿದ್ದೇನೆ, ಕೈಯಿಂದ ಕೈಗೆ ದಾಟಿಸಿ. ಸರಿಯಾಗಿ ನೋಡಿ. ಎಲೆಯ ಮೈ ಹಳದಿ. ಆದರೆ ನಡುವಿನ ದಂಟು, ಅದರಿಂದ ಕವಲೊಡೆದ ಸಣ್ಣ ಸಣ್ಣ ನರ, ಎಲ್ಲ ಹಸಿರು. ಹಳದಿ ಬಟ್ಟೆಯ ಮೇಲೆ ಹಸಿರು ದಾರದಲ್ಲಿ ಕಸೂತಿ ಹಾಕಿದಂತೆ. ಅದೂ ಹೊಸ ಎಲೆಗಳಲ್ಲಿ ಮಾತ್ರ. ಕೆಳಗಿನ ಹಳೆ ಎಲೆಗಳು ಇನ್ನೂ ಹಸಿರಾಗೇ ಇವೆ.

ನಾನು ಆಗ ಏನು ಮಾಡಿದೆ ಅಂದರೆ, ಗೊಬ್ಬರ ಸಾಲದು ಅಂತ ಗೊಬ್ಬರ ಹಾಕಿದೆ. ಒಂದು ನರ್ಸರಿಯಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿದೆ ಅಂದರು, ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿದೆ. ಬೂದಿ ಒಳ್ಳೆಯದು ಅಂತ ಯಾರೋ ಹೇಳಿದರು, ಬೂದಿಯನ್ನೂ ಹಾಕಿದೆ. ದಿನಾ ತಪ್ಪದೆ ನೀರು. ಗಿಡ ಇನ್ನಷ್ಟು ಬಿಳಿಚಿಕೊಂಡಿತು. ಮೊಟ್ಟೆ ಚಿಪ್ಪು ಅಂದರೆ ಹೆಚ್ಚುಕಡಿಮೆ ಪೂರ್ತಿ ಸುಣ್ಣದ ಪದಾರ್ಥ, ಕಟ್ಟಿಗೆ ಬೂದಿ ಬಲವಾದ ಕ್ಷಾರ. ಹುಳಿ ಮಣ್ಣು ಬೇಡುವ ಗಿಡಕ್ಕೆ ನಾನು ಸುಣ್ಣದ ಮೇಲೆ ಸುಣ್ಣ ಬಡಿಸಿದ್ದೆ.

ಅದಕ್ಕೆ ಬೇಕಾಗಿದ್ದದ್ದು ಕಬ್ಬಿಣ. ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವೇ? ಮಣ್ಣಿಗೆ ಆ ಕೆಂಪು ಬಂದದ್ದೇ ಕಬ್ಬಿಣದ ತುಕ್ಕಿನಿಂದ. ಇದೆ, ಬೇಕಾದಷ್ಟಿದೆ. ಆದರೆ ಬೇರು ಕುಡಿಯುವುದು ನೀರಿನಲ್ಲಿ ಕರಗಿದ್ದನ್ನು ಮಾತ್ರ. ಮಣ್ಣಿನ ಪಿಎಚ್ ಒಂದು ಹೆಜ್ಜೆ ಮೇಲೇರಿದರೆ ತುಕ್ಕಿನಿಂದ ಕರಗಿ ಬರುವ ಕಬ್ಬಿಣ ಸಾವಿರ ಪಟ್ಟು ಕಡಿಮೆಯಾಗುತ್ತದೆ. ಕಣಜ ತುಂಬ ಭತ್ತ, ಬಾಗಿಲಿಗೆ ಬೀಗ. ಗೊಬ್ಬರ ಹಾಕುವುದು ಅಂದರೆ ಅದೇ ಕಣಜಕ್ಕೆ ಇನ್ನೊಂದು ಮೂಟೆ ಭತ್ತ ಸುರಿದಂತೆ. ಮ್ಯಾಂಗನೀಸ್, ಸತು, ರಂಜಕ, ಇವಕ್ಕೂ ಇದೇ ಗತಿ. ಕುಂಡದ ಬಹುಪಾಲು ಗಿಡಗಳಿಗೆ 6ರಿಂದ 7ರ ಒಳಗಿನ ಪಿಎಚ್ ಹಿತ ಅನ್ನುವುದು ಇದಕ್ಕೇ. ಆ ಅಳತೆಯಲ್ಲಿ ಹೆಚ್ಚಿನ ಪೋಷಕಾಂಶಗಳ ಬೀಗ ತೆರೆದಿರುತ್ತದೆ.

ಹಳದಿ ಎಲೆ ಕಂಡ ತಕ್ಷಣ ಪಿಎಚ್ ಅಂತ ತೀರ್ಮಾನಿಸಬೇಡಿ. ಕೆಳಗಿನ ಹಳೆ ಎಲೆಗಳು ಪೂರ್ತಿ ಹಳದಿಯಾದರೆ ಸಾಮಾನ್ಯವಾಗಿ ಸಾರಜನಕ ಸಾಲದು. ಹಳೆ ಎಲೆಯಲ್ಲೇ ನರ ಹಸಿರು, ಮೈ ಹಳದಿಯಾದರೆ ಮೆಗ್ನೀಸಿಯಂ. ಹೊಸ ಎಲೆಯಲ್ಲಿ ಹಾಗಾದರೆ ಕಬ್ಬಿಣ. ಆದರೆ ನೀರು ಜಾಸ್ತಿಯಾಗಿ ಬೇರು ಉಸಿರುಕಟ್ಟಿದರೂ ಹಾಗೇ ಕಾಣುತ್ತದೆ. ಮೊದಲು ಕುಂಡದ ತೂತಿಗೆ ಕಡ್ಡಿ ಹಾಕಿ ನೋಡಿ. ನೀರು ಸರಾಗವಾಗಿ ಇಳಿಯುತ್ತಿದ್ದರೆ ಮಾತ್ರ ಪಿಎಚ್ ಕಡೆಗೆ ಬನ್ನಿ.

ನನ್ನ ಕೇಪಳದ ವಿಷಯದಲ್ಲಿ ನನಗೆ ಅರ್ಥವಾಗದೆ ಉಳಿದದ್ದು ಒಂದೇ. ನೆಡುವಾಗ ನಾನು ಬಳಸಿದ ಕೆಂಪು ಮಣ್ಣು ಸರಿಯಾಗೇ ಇತ್ತು. ನಾಲ್ಕು ತಿಂಗಳು ಗಿಡ ಚೆನ್ನಾಗೇ ಇತ್ತು. ಮೊಟ್ಟೆ ಚಿಪ್ಪು, ಬೂದಿ ಹಾಕಿದ್ದು ಎಲೆ ಹಳದಿಯಾದ ಮೇಲೆ. ಹಾಗಾದರೆ ಮೊದಲು ಮಣ್ಣನ್ನು ಕೆಡಿಸಿದ್ದು ಯಾವುದು?

ನೀರು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೊಂದೇ ವಿಷಯ.

ನೀವು ನಿಮ್ಮ ಮನೆಯ ನೀರನ್ನು ಬಾಟಲಿಯಲ್ಲಿ ತಂದಿದ್ದೀರಿ, ಬಹಳ ಸಂತೋಷ. ಎರಡು ಬಾಟಲಿ ಈಗಲೇ ತೆಗೆದುಕೊಳ್ಳುತ್ತೇನೆ. ಒಂದು ಕಾವೇರಿ ನೀರು, ಒಂದು ಬೋರ್ ನೀರು. ಮೊದಲು ಪಿಎಚ್ ಪೆನ್ ಅದ್ದೋಣ. ಕಾವೇರಿ 7.8. ಬೋರ್ 7.6. ಅಂಕಿ ನೋಡಿದರೆ ಬೋರ್ ನೀರೇ ವಾಸಿ ಅಂತ ಅನಿಸುತ್ತದೆ, ಅಲ್ವಾ?

ಈಗ ಇನ್ನೊಂದು ಪರೀಕ್ಷೆ. ಇದು ಮೀನಿನ ತೊಟ್ಟಿ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಪುಟ್ಟ ಬಾಟಲಿ. ಹೆಸರು ಕೆಎಚ್ ಟೆಸ್ಟ್. ಐದು ಮಿಲಿಲೀಟರ್ ನೀರಿಗೆ ಒಂದೊಂದೇ ಹನಿ ಹಾಕಿ ಅಲ್ಲಾಡಿಸುತ್ತಾ ಹೋಗಬೇಕು. ಮೊದಲು ನೀಲಿ ಇರುತ್ತದೆ. ಅದು ಹಳದಿಗೆ ತಿರುಗುವವರೆಗೆ ಹನಿ ಎಣಿಸಬೇಕು. ಕಾವೇರಿ ನೀರಿಗೆ ಎಣಿಸಿ ನನ್ನ ಜೊತೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಹಳದಿ. ಈಗ ಬೋರ್ ನೀರು. ಆರು ಆಯಿತು, ನೀಲಿ. ಹತ್ತು, ಇನ್ನೂ ನೀಲಿ. ಹದಿನೈದು. ಹದಿನೇಳು, ಸ್ವಲ್ಪ ಮಾಸಿತು. ಹದಿನೆಂಟು. ಹಳದಿ.

ಪಿಎಚ್ ಪೆನ್ ಹೇಳದೇ ಇದ್ದದ್ದನ್ನು ಈ ಹನಿಗಳು ಹೇಳಿದವು. ಇದರ ಹೆಸರು ಕ್ಷಾರೀಯತೆ. ನೀರಿನಲ್ಲಿ ಕರಗಿ ಕೂತಿರುವ ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡಾದಲ್ಲಿರುವಂಥ ಕ್ಷಾರದ ಅಂಶ, ಎಷ್ಟು ಅನ್ನುವ ಲೆಕ್ಕ. ಪಿಎಚ್ ಅಂದರೆ ಈ ಹೊತ್ತಿನ ಮುಖಚರ್ಯೆ. ಕ್ಷಾರೀಯತೆ ಅಂದರೆ ಗಂಟಿನಲ್ಲಿ ಕಟ್ಟಿಟ್ಟ ಸುಣ್ಣ. ಮಣ್ಣಿನ ಹುಳಿಯನ್ನು ದಿನದಿನವೂ ತಿಂದುಹಾಕುವುದು ಈ ಗಂಟು.

ಬೋರ್ ನೀರು ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತು ಕಲ್ಲನ್ನು ಕರಗಿಸಿಕೊಂಡು ಬಂದದ್ದು. ಅದಕ್ಕೇ ಆ ನೀರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಶವರಿನ ತೂತುಗಳು ಬೆಳ್ಳಗೆ ಮುಚ್ಚಿಹೋಗುತ್ತವೆ. ಗೀಸರ್ ಬಿಚ್ಚಿದರೆ ಒಳಗೆ ಸುಣ್ಣದ ಹೆಕ್ಕಳ. ಕುಂಡದ ಹೊರಮೈ ಮೇಲೆ ಬಿಳಿ ಪಟ್ಟೆ ಕಟ್ಟುತ್ತದಲ್ಲ, ಅದರಲ್ಲೂ ಇದೇ ಸುಣ್ಣ. ಗೀಸರಿನಲ್ಲಿ ಕಂಡದ್ದು ಕುಂಡದ ಮಣ್ಣಿನೊಳಗೆ ಕಾಣುವುದಿಲ್ಲ, ಅಷ್ಟೇ.

ಎಷ್ಟು ಸೇರುತ್ತದೆ ಅಂತ ಲೆಕ್ಕ ಹಾಕೋಣ. ಒಂದು ಹನಿ ಅಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಸುಣ್ಣದಕಲ್ಲಿಗೆ ಸಮ. ಹದಿನೆಂಟು ಹನಿ ಅಂದರೆ 320ರ ಆಸುಪಾಸು. ಲೆಕ್ಕಕ್ಕೆ ಸುಲಭವಾಗಲಿ, 300 ಅನ್ನೋಣ. ದಿನಕ್ಕೆ ಒಂದು ಲೀಟರ್ ನೀರು ಹಾಕಿದರೆ ಆ ಕುಂಡಕ್ಕೆ 0.3 ಗ್ರಾಂ ಸುಣ್ಣದಕಲ್ಲು ಹಾಕಿದಂತೆ. ನೂರು ದಿನಕ್ಕೆ 30 ಗ್ರಾಂ. ಸ್ವಲ್ಪ ಕೆಳಗಿನ ತೂತಿನಿಂದ ಹರಿದು ಹೋಗುತ್ತದೆ, ನಿಜ. ಆದರೂ ಹನ್ನೆರಡು ಇಂಚಿನ ಕುಂಡದ ಒಂದಿಷ್ಟು ಮಣ್ಣಿಗೆ ಇದು ಸಣ್ಣ ಪ್ರಮಾಣ ಅಲ್ಲ. ಹೊಲದಲ್ಲಾದರೆ ಬೇರು ದೂರ ಹೋಗಿ ಬೇರೆ ಮಣ್ಣು ಹುಡುಕುತ್ತದೆ. ಮಳೆ ಬಂದು ತೊಳೆಯುತ್ತದೆ. ಕುಂಡದ ಗಿಡಕ್ಕೆ ಅದೇ ನಾಲ್ಕು ಗೋಡೆ. ನಾವು ಎಂಥ ಮಣ್ಣೇ ತಂದು ತುಂಬಲಿ, ಕೆಲವು ತಿಂಗಳಲ್ಲಿ ಅದು ನಾವು ಹಾಕುವ ನೀರಿನ ಗುಣಕ್ಕೆ ಬಂದು ನಿಲ್ಲುತ್ತದೆ. ಬೋರ್ ನೀರು ಕುಡಿದ ನನ್ನ ಕೇಪಳಕ್ಕೆ ನಾಲ್ಕು ತಿಂಗಳು ಹಿಡಿದದ್ದು ಇದಕ್ಕೆ.

ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕ್ಷಾರೀಯತೆ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೂ ಆಗಬಹುದು ಅಂತಿದೆ. ಅಂದರೆ ನಮಗೆ ಕುಡಿಯಲು ನಡೆಯುವ ನೀರು ಕುಂಡದ ಗಿಡಕ್ಕೆ ನಡೆಯಬೇಕು ಅಂತೇನಿಲ್ಲ. ಕುಂಡಕ್ಕೆ 100ರ ಒಳಗಿದ್ದರೆ ನಿಶ್ಚಿಂತೆ. 200 ದಾಟಿದರೆ ಏನಾದರೂ ಮಾಡಲೇಬೇಕು.

ಅಳೆಯುವ ಬಗ್ಗೆ ಎರಡು ಮಾತು. ಮಣ್ಣಿಗೆ ಚುಚ್ಚುವ ಎರಡು ಕಡ್ಡಿಯ ಮೀಟರ್ ಅಗ್ಗಕ್ಕೆ ಸಿಗುತ್ತದೆ, ದಯವಿಟ್ಟು ಕೊಳ್ಳಬೇಡಿ. ಅದು ತೋರಿಸುವ ಅಂಕಿಯನ್ನು ನಂಬಿ ಗಂಧಕ ಸುರಿದರೆ ಗಿಡ ಹೋಗುತ್ತದೆ. ಪಿಎಚ್ ಪೆನ್ ಪರವಾಗಿಲ್ಲ. ಆದರೆ ಜೊತೆಗೆ ಬರುವ ಪುಡಿ ಪೊಟ್ಟಣವನ್ನು ಶುದ್ಧ ನೀರಿನಲ್ಲಿ ಕರಗಿಸಿ ಆಗಾಗ ಅಂಕಿ ಸರಿಪಡಿಸಿಕೊಳ್ಳಬೇಕು. ಪೆನ್ ಬೇಡ ಅಂದರೆ ಕಾಗದದ ಪಟ್ಟಿಯೇ ಸಾಕು.

ಕುಂಡದ ಮಣ್ಣನ್ನು ನಾನು ಅಳೆಯುವುದು ಹೀಗೆ. ಗಿಡಕ್ಕೆ ಎಂದಿನಂತೆ ನೀರು ಹಾಕಿ ಒಂದು ಗಂಟೆ ಬಿಡುತ್ತೇನೆ. ಆಮೇಲೆ ಕುಂಡದ ಕೆಳಗೆ ತೊಳೆದ ತಟ್ಟೆ ಇಟ್ಟು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನು ಒಂದು ಲೋಟ ನಿಧಾನವಾಗಿ ಮೇಲಿನಿಂದ ಸುರಿಯುತ್ತೇನೆ. ಮಣ್ಣಿನೊಳಗೆ ನಿಂತಿದ್ದ ನೀರನ್ನು ಅದು ಕೆಳಗೆ ತಳ್ಳುತ್ತದೆ. ತಟ್ಟೆಗೆ ಬಿದ್ದ ಮೊದಲ ನೀರಿನಲ್ಲಿ ಪೆನ್ ಅದ್ದುತ್ತೇನೆ. ಬೇರಿನ ಸುತ್ತ ಇರುವ ನೀರು ಅದೇ. ಕೇಪಳದ ಕುಂಡದಲ್ಲಿ ಅವತ್ತು 8.1 ಬಂತು.

ಇನ್ನೂ ಸುಲಭದ್ದೊಂದಿದೆ. ಒಂದು ಚಮಚ ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿ ಕಿವಿ ಹತ್ತಿರ ಹಿಡಿಯಿರಿ. ಸೋಡಾ ಬಾಟಲಿ ತೆರೆದಂತೆ ಚುರ್ ಅಂತ ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣ ಬಿಡಿಯಾಗೇ ಇದೆ. ವಿಜಯಪುರ, ಕಲಬುರಗಿ ಕಡೆಯ ಕಪ್ಪು ಮಣ್ಣಿನಲ್ಲಿ ಸುಣ್ಣದ ಹರಳುಗಳು ಕಣ್ಣಿಗೇ ಕಾಣುತ್ತವೆ. ಬೆಂಗಳೂರಿನಲ್ಲಿ ಕೆಂಪು ಮಣ್ಣು ಅಂತ ಹೊಸ ಮನೆಯ ಪಕ್ಕದಿಂದ ಬಾಚಿ ತಂದರೆ ಅದರಲ್ಲಿ ಸಿಮೆಂಟು, ಗಾರೆ ಸೇರಿರುತ್ತದೆ. ಅದೂ ಚುರ್ ಅನ್ನುತ್ತದೆ. ಅಂಥ ಮಣ್ಣಿಗೆ ಔಷಧಿ ಮಾಡುತ್ತಾ ಕೂರಬೇಡಿ. ಬದಲಾಯಿಸಿ. ಹೊಸ ಸಿಮೆಂಟು ಕುಂಡ ತಂದರೂ ಎರಡು ವಾರ ನೀರು ತುಂಬಿಸಿ ಚೆಲ್ಲಿ ಆಮೇಲೆ ಬಳಸಿ.

ಈಗ ಪರಿಹಾರ. ಎಲ್ಲಕ್ಕಿಂತ ಮೊದಲು ಮಳೆ ನೀರು. ಆಕಾಶದಿಂದ ಬೀಳುವಾಗ ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡು ಅದರ ಪಿಎಚ್ ಸುಮಾರು 5.6 ಇರುತ್ತದೆ. ಮುಖ್ಯ ಅಂದರೆ ಅದರಲ್ಲಿ ಸುಣ್ಣದ ಗಂಟಿಲ್ಲ. ಸಾವಿರ ಚದರಡಿ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಜಾಸ್ತಿ. ಒಂದೇ ಸಂಜೆಯ ಮಳೆಯಲ್ಲಿ ನಾಲ್ಕು ದೊಡ್ಡ ಡ್ರಮ್ ತುಂಬುತ್ತದೆ. ಮೊದಲ ಹತ್ತು ನಿಮಿಷದ ನೀರು ಬಿಟ್ಟುಬಿಡಿ, ತಾರಸಿಯ ಧೂಳು ತೊಳೆದು ಹೋಗಲಿ. ಡ್ರಮ್ಮಿಗೆ ಸೊಳ್ಳೆ ಪರದೆ ಕಟ್ಟಿ. ಎಲ್ಲ ಗಿಡಕ್ಕೂ ಸಾಲುವುದಿಲ್ಲ ಅಂದರೆ ಕೇಪಳ, ಗಾರ್ಡೇನಿಯಾ, ಸಂಪಿಗೆ, ನಿಂಬೆ, ಆಂಥೂರಿಯಂ ಇಂಥ ಸೂಕ್ಷ್ಮದ ಗಿಡಗಳಿಗೆ ಮೀಸಲಿಡಿ. ಕಣಗಿಲೆ, ದಾಳಿಂಬೆ, ಅಂಜೂರ, ಲೋಳೆಸರ ಇವು ಬೋರ್ ನೀರು ಕುಡಿದೂ ತಡೆದುಕೊಳ್ಳುತ್ತವೆ. ಯಾವ ಗಿಡಕ್ಕೆ ಯಾವ ನೀರು ಅಂತ ಹಂಚಿಬಿಟ್ಟರೆ ಅರ್ಧ ಕೆಲಸ ಮುಗಿಯಿತು.

ಮಳೆ ನೀರು ಮುಗಿದ ಮೇಲೆ, ಬೇಸಿಗೆಯಲ್ಲಿ, ಬೋರ್ ನೀರಿಗೇ ಹುಳಿ ಹಾಕಬೇಕು. 300 ಇದ್ದ ಕ್ಷಾರೀಯತೆಯನ್ನು 100ಕ್ಕೆ ಇಳಿಸಬೇಕು ಅಂದರೆ ಹತ್ತು ಲೀಟರಿನ ಬಕೆಟ್ಟಿಗೆ ಸುಮಾರು 3 ಗ್ರಾಂ ಸಿಟ್ರಿಕ್ ಆಮ್ಲ ಬೇಕು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಕೊಡುತ್ತಾರೆ. ಅದಿಲ್ಲದಿದ್ದರೆ ರಸಭರಿತವಾದ ಮೂರು ನಿಂಬೆಹಣ್ಣು. ಅಡುಗೆಯ ವಿನೆಗರ್ ಆದರೆ 50 ಮಿಲಿಲೀಟರ್. ಹಾಕಿ ಕದಡಿದ ಕೂಡಲೇ ಪೆನ್ ಅದ್ದಿ, 6ರಿಂದ 6.5ರ ಹತ್ತಿರ ಇದ್ದರೆ ಸಾಕು. ಆಮೇಲೆ ರಾತ್ರಿಯಿಡೀ ಬಿಡಿ. ಬೈಕಾರ್ಬೊನೇಟ್ ಗಾಳಿಯಾಗಿ ಹೊರಟುಹೋಗುತ್ತದೆ.  ನಿಮ್ಮ ನೀರಿಗೆ ಹನಿ ಎಣಿಸದೆ ಈ ಅಳತೆಯನ್ನು ಕಣ್ಣುಮುಚ್ಚಿ ಹಾಕಬೇಡಿ. ಆರು ಹನಿಯ ಕಾವೇರಿ ನೀರಿಗೆ ಮೂರು ನಿಂಬೆಹಣ್ಣು ಹಿಂಡಿದರೆ ಬೇರು ಸುಡುತ್ತದೆ. ಕಕ್ಕಸು ತೊಳೆಯುವ ಆಸಿಡ್, ಬ್ಯಾಟರಿ ಆಸಿಡ್ ಹತ್ತಿರಕ್ಕೂ ಹೋಗಬೇಡಿ. ಕೈ, ಕಣ್ಣು ಹೋದಾವು.

ನಿಂಬೆ, ವಿನೆಗರ್ ಹುಳಿಯ ಒಂದು ಮಿತಿಯನ್ನೂ ಹೇಳಬೇಕು. ಮಣ್ಣಿನ ಸೂಕ್ಷ್ಮಜೀವಿಗಳು ಇವನ್ನು ಊಟದಂತೆ ತಿಂದು ಮುಗಿಸುತ್ತವೆ. ತಿಂದಾದ ಮೇಲೆ ಸುಣ್ಣದ ಗುಣ ಸ್ವಲ್ಪ ಸ್ವಲ್ಪವಾಗಿ ಮರಳುತ್ತದೆ. ನೀರು ಹಾಕಿದಾಗಲೆಲ್ಲ ಹಾಕುತ್ತಿರಬೇಕು. ಮಣ್ಣನ್ನೇ ಉಳಿಯುವಂತೆ ತಿದ್ದಬೇಕು ಅಂದರೆ ಗಂಧಕ.

ದ್ರಾಕ್ಷಿ ಬೆಳೆಗಾರರು ಬೂದಿ ರೋಗಕ್ಕೆ ಹೊಡೆಯುವ ನೀರಿನಲ್ಲಿ ಕದಡುವ ಗಂಧಕದ ಪುಡಿ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಗಂಧಕ ತಾನೇ ಹುಳಿ ಅಲ್ಲ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ನಿಧಾನವಾಗಿ ಗಂಧಕಾಮ್ಲ ಮಾಡುತ್ತವೆ. ಅದಕ್ಕೆ ತೇವ ಬೇಕು, ಬೆಚ್ಚಗಿರಬೇಕು, ವಾರಗಟ್ಟಲೆ ಸಮಯ ಬೇಕು. ಒಂದು ಗ್ರಾಂ ಗಂಧಕ ಮೂರು ಗ್ರಾಂ ಸುಣ್ಣದಕಲ್ಲನ್ನು ತೀರಿಸುತ್ತದೆ. ನೂರು ದಿನದ 30 ಗ್ರಾಮಿಗೆ 10 ಗ್ರಾಂ ಆಯಿತು. ಆದರೆ ಒಂದೇ ಸಲ ಅಷ್ಟು ಹಾಕಬೇಡಿ. ಹನ್ನೆರಡು ಇಂಚಿನ ಕುಂಡಕ್ಕೆ 2ರಿಂದ 3 ಗ್ರಾಂ, ಅಂದರೆ ಸಣ್ಣ ಚಮಚದಲ್ಲಿ ಅರ್ಧ. ಮೇಲ್ಮಣ್ಣು ಕೆದಕಿ ಬೆರೆಸಿ. ಎರಡು ತಿಂಗಳು ಕಾದು, ಅಳೆದು, ಬೇಕಿದ್ದರೆ ಮತ್ತೆ. ಆತುರ ಪಟ್ಟವರ ಗಿಡ ಉಳಿದದ್ದನ್ನು ನಾನು ನೋಡಿಲ್ಲ.

ಆ ಎರಡು ತಿಂಗಳು ಗಿಡ ಹಸಿದಿರಬಾರದಲ್ಲ. ಅದಕ್ಕೆ ಕಬ್ಬಿಣವನ್ನು ನೇರವಾಗಿ ಕೊಡಬೇಕು. ಗ್ರಂಥಿಗೆ ಅಂಗಡಿಯಲ್ಲಿ ಅನ್ನಭೇದಿ ಅಂತ ತಿಳಿ ಹಸಿರು ಹರಳು ಸಿಗುತ್ತದೆ, ಅದು ಕಬ್ಬಿಣದ ಸಲ್ಫೇಟ್. ಒಂದು ಲೀಟರ್ ನೀರಿಗೆ 2 ಗ್ರಾಂ, ಜೊತೆಗೆ ಅರ್ಧ ನಿಂಬೆಹಣ್ಣು. ಆಗಲೇ ಕದಡಿ ಆಗಲೇ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹಸಿರಾಗಿದ್ದ ಹರಳು ಕಂದು ಪುಡಿಯಾಗಿದ್ದರೆ ಅದು ಕೆಟ್ಟಿದೆ, ತರಬೇಡಿ. ತಾರಸಿಯ ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ. ಸುಣ್ಣದ ಮಣ್ಣಿಗೆ ಸುಮ್ನೆ ಸುರಿದರೆ ಅದು ಮತ್ತೆ ತುಕ್ಕಾಗಿ ಕಣಜ ಸೇರುತ್ತದೆ, ಅದಕ್ಕೇ ಎಲೆಗೆ.

ಮಣ್ಣಿಗೇ ಹಾಕಬೇಕು ಅಂದರೆ ಕೀಲೇಟ್ ಕಬ್ಬಿಣ ತನ್ನಿ, ಅಂದರೆ ತುಕ್ಕಾಗದಂತೆ ಇನ್ನೊಂದು ಪದಾರ್ಥ ಕೈ ಹಿಡಿದಿಟ್ಟ ಕಬ್ಬಿಣ. ಪ್ಯಾಕೆಟ್ ಮೇಲೆ ಯಾವ ಕೀಲೇಟ್ ಅಂತ ಓದಲೇಬೇಕು. ಇಡಿಟಿಎ ಅಂತಿದ್ದರೆ ಪಿಎಚ್ 6.5 ದಾಟಿದ ಮಣ್ಣಿನಲ್ಲಿ ಅದು ಕಬ್ಬಿಣದ ಕೈ ಬಿಟ್ಟುಬಿಡುತ್ತದೆ. ಡಿಟಿಪಿಎ 7ರ ಸ್ವಲ್ಪ ಮೇಲಿನವರೆಗೂ ನಡೆಯುತ್ತದೆ. 8ರ ಮಣ್ಣಿನಲ್ಲೂ ಹಿಡಿದುಕೊಳ್ಳುವುದು ಇಡಿಡಿಎಚ್‌ಎ. ನೀರಿಗೆ ಹಾಕಿದರೆ ದಾಳಿಂಬೆ ರಸದಂಥ ಕೆಂಪು ಬರುತ್ತದೆ. ಬೆಲೆ ಜಾಸ್ತಿ. ನಮ್ಮ ಬೋರ್ ನೀರಿನ ಕುಂಡಗಳಿಗೆ ಕೆಲಸ ಮಾಡುವುದು ಅದೇ.

ಕೊಡಗಿಗೋ ಊಟಿಗೋ ಹೋದವರು ನೀಲಿ ಹೈಡ್ರೇಂಜಿಯ ಹೂವಿನ ದೊಡ್ಡ ಚೆಂಡುಗಳನ್ನು ನೋಡಿರುತ್ತೀರಿ. ಆಸೆಪಟ್ಟು ಗಿಡ ತಂದು ಇಲ್ಲಿ ನೆಟ್ಟರೆ ಮುಂದಿನ ಹೂವು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೋಸ ಹೋದೆವು ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಗಿಡ ಅದೇ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಹೂವಿಗೇರಿ ನೀಲಿ ಬರುತ್ತದೆ. ನಮ್ಮ ನೀರು ಕುಡಿದ ಮಣ್ಣಿನಲ್ಲಿ ಅದು ಕರಗುವುದಿಲ್ಲ. ನನಗೆ ಆ ಗುಲಾಬಿ ಚೆಂಡು ಕಂಡಾಗಲೆಲ್ಲ ಆ ಮನೆಯ ನೀರು ಎಂಥದ್ದು ಅಂತ ಓದಿದ ಹಾಗೆ ಆಗುತ್ತದೆ.

ಇನ್ನು ನಿಮ್ಮ ಪ್ರಶ್ನೆಗಳು.

*ನಮ್ಮ ಅಪಾರ್ಟ್‌ಮೆಂಟಿನಲ್ಲಿ ವಾಟರ್ ಸಾಫ್ಟ್‌ನರ್ ಇದೆ. ನಲ್ಲಿಯಲ್ಲಿ ಬಿಳಿ ಕಟ್ಟುವುದಿಲ್ಲ. ನಮಗೆ ಸಮಸ್ಯೆ ಇಲ್ಲ, ಅಲ್ವಾ?*

ಕ್ಷಮಿಸಿ, ನಿಮಗೇ ಜಾಸ್ತಿ. ಆ ಯಂತ್ರ ಕ್ಯಾಲ್ಸಿಯಂ ತೆಗೆದು ಅದರ ಜಾಗದಲ್ಲಿ ಸೋಡಿಯಂ ಇಡುತ್ತದೆ. ಅದಕ್ಕೇ ಮೂಟೆಗಟ್ಟಲೆ ಉಪ್ಪು ತರಿಸುತ್ತಾರೆ. ಬೈಕಾರ್ಬೊನೇಟ್ ಇದ್ದಲ್ಲೇ ಇರುತ್ತದೆ. ಗಿಡಕ್ಕೆ ಅಡುಗೆ ಸೋಡಾ ಕದಡಿದ ನೀರು ಕೊಟ್ಟಂತೆ. ಸೋಡಿಯಂ ಸೇರಿದರೆ ಮಣ್ಣು ಅಂಟಂಟಾಗಿ ನೀರು ಇಂಗುವುದಿಲ್ಲ. ಯಂತ್ರಕ್ಕೆ ಹೋಗುವ ಮೊದಲಿನ ನೀರಿನಿಂದ ತೋಟಕ್ಕೆ ಒಂದು ನಲ್ಲಿ ಕೊಡಿ ಅಂತ ನಿಮ್ಮ ಸಂಘದಲ್ಲಿ ಕೇಳಿ. ಇದು ಹಟ ಹಿಡಿದು ಕೇಳಬೇಕಾದ ವಿಷಯ.

*ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರು ಹಾಳು ಮಾಡಬಾರದು ಅಂತ ಗಿಡಕ್ಕೆ ಹಾಕುತ್ತೇನೆ.*

ನಿಮ್ಮ ಮನಸ್ಸು ದೊಡ್ಡದು. ಆದರೆ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಆ ನೀರಿನಲ್ಲಿದೆ. ನೆಲ ಒರೆಸಲು, ಪಾತ್ರೆ ನೆನೆಹಾಕಲು ಬಳಸಿ. ಎಸಿಯಿಂದ ತೊಟ್ಟಿಕ್ಕುವ ನೀರು ಹಾಗಲ್ಲ. ಅದು ಹೆಚ್ಚುಕಡಿಮೆ ಮಳೆ ನೀರಿನಂತೆ, ಹೂವಿನ ಗಿಡಗಳಿಗೆ ಹಾಕಬಹುದು. ತಿನ್ನುವ ಸೊಪ್ಪಿಗೆ ಬೇಡ.

*ನೀರು ಕಾಯಿಸಿದರೆ ಸುಣ್ಣ ತಳಕ್ಕೆ ಕೂರುತ್ತದಲ್ಲ, ಆ ನೀರು ಹಾಕಬಹುದಾ?*

ಖಂಡಿತ. ಚೆನ್ನಾಗಿ ಕುದಿಸಿ, ಪೂರ್ತಿ ಆರಿಸಿ, ತಳ ಕದಡದೆ ಮೇಲಿನ ತಿಳಿ ಬಸಿದುಕೊಳ್ಳಿ. ಕ್ಷಾರೀಯತೆ ಚೆನ್ನಾಗಿ ಇಳಿಯುತ್ತದೆ. ಒಂದೆರಡು ಕುಂಡಕ್ಕೆ ಸರಿ. ಇಡೀ ತೋಟಕ್ಕೆ ಅಂದರೆ ಗ್ಯಾಸ್ ಖರ್ಚು ಯೋಚಿಸಿ.

*ಕಾಫಿ ಚರಟ ಹಾಕಿದರೆ ಮಣ್ಣು ಹುಳಿಯಾಗುತ್ತದೆ ಅಂತಾರೆ.*

ಹುಳಿಯೆಲ್ಲ ನಿಮ್ಮ ಲೋಟಕ್ಕೆ ಬಂದಾಗಿದೆ. ಡಿಕಾಕ್ಷನ್ ಇಳಿಸಿದ ಮೇಲೆ ಉಳಿದ ಚರಟ 7ರ ಹತ್ತಿರವೇ ಇರುತ್ತದೆ. ಕಾಂಪೋಸ್ಟ್ ಗುಂಡಿಗೆ ಹಾಕಿ. ಹಾಗೇ ಎಪ್ಸಮ್ ಉಪ್ಪು ಕೂಡ ಪಿಎಚ್ ಇಳಿಸುವುದಿಲ್ಲ, ಅದು ಮೆಗ್ನೀಸಿಯಂ ಕೊಡುತ್ತದೆ ಅಷ್ಟೇ. ಎರೆಗೊಬ್ಬರ, ಸಗಣಿ ಗೊಬ್ಬರ ಬಹಳ ಒಳ್ಳೆಯವು, ಆದರೆ ಸಾಮಾನ್ಯವಾಗಿ ಅವು 7ಕ್ಕಿಂತ ಮೇಲೇ ಇರುತ್ತವೆ. ಕೇಪಳದಂಥ ಗಿಡಕ್ಕೆ ಮಿಶ್ರಣದ ಮೂರರಲ್ಲೊಂದು ಪಾಲು ಮೀರಬೇಡಿ. ಉಳಿದದ್ದು ಕೆಂಪು ಮಣ್ಣು ಮತ್ತು ತೊಳೆದ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ.

*ನಮ್ಮ ಊರು ಮೂಡಿಗೆರೆ ಕಡೆ. ಅಲ್ಲಿ ತೋಟಕ್ಕೆ ಸುಣ್ಣ ಹಾಕುತ್ತಾರೆ. ನೀವು ಸುಣ್ಣವೇ ಶತ್ರು ಅಂತೀರಿ.*

ಒಳ್ಳೆಯ ಪ್ರಶ್ನೆ. ಅಲ್ಲಿ ಮಳೆ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗಿರುತ್ತದೆ, ಮಣ್ಣು ತೀರಾ ಹುಳಿಯಾಗುತ್ತದೆ. ಅದಕ್ಕೇ ಕಾಫಿ ಬೆಳೆಗಾರರು ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕುತ್ತಾರೆ. ಅಲ್ಲಿನ ಕುಂಡಗಳಿಗೂ ಹಾಗೇ, 5.5ಕ್ಕಿಂತ ಕೆಳಗಿಳಿದಿದ್ದರೆ ಚಿಟಿಕೆ ಡಾಲಮೈಟ್ ಸುಣ್ಣ ಬೇಕಾಗಬಹುದು. ನಾನು ಹೇಳಿದ ಗಂಧಕ, ನಿಂಬೆ ಉಪ್ಪು ಯಾವುದನ್ನೂ ಊರಿಗೆ ಕೊಂಡುಹೋಗಬೇಡಿ. ಕೆಎಚ್ ಬಾಟಲಿ ಕೊಂಡುಹೋಗಿ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಕೊಡುತ್ತಾರೆ.

*ಆ ಕೇಪಳ ಏನಾಯಿತು?*

ಮೊಟ್ಟೆ ಚಿಪ್ಪು, ಬೂದಿ ಇದ್ದ ಮೇಲ್ಮಣ್ಣು ನಾಲ್ಕು ಇಂಚು ಕೆರೆದು ತೆಗೆದೆ. ಮಳೆಗಾಲ ಶುರುವಾಗಿತ್ತು, ಡ್ರಮ್ಮಿನ ನೀರು ಮಾತ್ರ ಹಾಕಿದೆ. ಅರ್ಧ ಚಮಚ ಗಂಧಕ, ಎರಡು ವಾರಕ್ಕೊಮ್ಮೆ ಎಲೆಗೆ ಅನ್ನಭೇದಿ. ಮೊದಲ ಐದು ವಾರ ಏನೂ ಕಾಣಲಿಲ್ಲ. ಆರನೇ ವಾರ ಒಂದು ಚಿಗುರು ತಾಮ್ರದ ಬಣ್ಣದಲ್ಲಿ ಬಂದು, ಬಿಚ್ಚಿಕೊಂಡಾಗ ಹಸಿರಾಗಿತ್ತು. ಬಿಳಿಚಿದ್ದ ಹಳೆಯ ಎಲೆಗಳಲ್ಲಿ ಕೆಲವು ಅರೆಬರೆ ಹಸಿರಾದವು, ಕೆಲವು ಉದುರಿದವು. ಐದು ತಿಂಗಳಾದ ಮೇಲೆ ತಟ್ಟೆಯ ನೀರು 6.7 ತೋರಿಸಿತು. ನವರಾತ್ರಿಗೆ ಎರಡು ಗೊಂಚಲು ಹೂವು ಸಿಕ್ಕವು. ಊರಿನ ಬೇಲಿಯ ಹೊಳಪು ಇನ್ನೂ ಬಂದಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಡ್ರಮ್ ಖಾಲಿಯಾದಾಗ ತುದಿ ಎಲೆ ಸ್ವಲ್ಪ ತಿಳಿಯಾಗುತ್ತದೆ, ಆಗ ನಿಂಬೆ ಉಪ್ಪಿನ ಬಕೆಟ್ ಹೊರಗೆ ಬರುತ್ತದೆ.

ಸರಿ, ಇನ್ನು ಬಾಟಲಿಗಳನ್ನು ಒಂದೊಂದಾಗಿ ಮೇಜಿನ ಹತ್ತಿರ ತನ್ನಿ. ನಿಮ್ಮ ಹನಿಗಳನ್ನು ನೀವೇ ಎಣಿಸಿ, ಬಾಟಲಿ ಮೇಲೆ ಬರೆದುಕೊಳ್ಳಿ. ಟ್ಯಾಂಕರ್ ನೀರು ತಂದವರು ಮೊದಲು ಬನ್ನಿ.